ಸಂಡಿಗೆ ಕಾವಲು ಮತ್ತು ಮಿದುಳಿನ ಟಾರ್ಚು

ದೇವರು ಮನುಷ್ಯನಿಗೆ ಎರಡು ಕಣ್ಣು ಕೊಟ್ಟು ಗಮನವನ್ನು ಮಾತ್ರ ಒಂದೇ ಕೊಟ್ಟಿದ್ದಾನೆ. ನಾನು ಗುಮಾಸ್ತನಾಗಿರುವ ಸರ್ಕಾರಿ ಕಚೇರಿಯಲ್ಲಿ ಈ ಕೊರತೆಯನ್ನು ಜಾಣತನದಿಂದ ನಿಭಾಯಿಸುತ್ತೇವೆ. ಎಲ್ಲರ ಕಣ್ಣೂ ಫೈಲಿನ ಮೇಲೆ, ಗಮನ ಸಾಹೇಬರ ಕೋಣೆಯ ಅರ್ಧಬಾಗಿಲಿನ ಮೇಲೆ. ಬಾಗಿಲು ಅಲ್ಲಾಡಿದ್ದೇ ತಡ, ಸಾಲಿನ ಪೆನ್ನುಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ. ತಲೆ ಎತ್ತದೆ ಬಾಗಿಲು ಕಾಯುವ ಈ ವಿದ್ಯೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗಲೂ ದೃಷ್ಟಿ ಅಂಗೈಯ ಲಿಂಗದ ಮೇಲೆ ನೆಟ್ಟಿರುತ್ತಿತ್ತು. ಗಮನ ಮಾತ್ರ ಸಾಸಿವೆ ಸಿಡಿದ ಸದ್ದಿನ ಹಿಂದೆ ಅಡುಗೆಮನೆಗೆ ಹೋಗಿ, ಇವತ್ತು ಉಪ್ಪಿಟ್ಟೋ ಅವಲಕ್ಕಿಯೋ ಎಂದು ವಿಚಾರಿಸಿಕೊಂಡು ಬರುತ್ತಿತ್ತು. ಶಿವ ಇದನ್ನೆಲ್ಲ ಕಂಡೂ ಕಾಣದಂತಿದ್ದಾನೆ. ನನ್ನ ಹೆಂಡತಿ ಗಿರಿಜೆಗೆ ಆ ಸ್ವಭಾವವಿಲ್ಲ.

ಇದು ನನ್ನೊಬ್ಬನ ದುರ್ಗುಣವಲ್ಲ, ಮನುಷ್ಯಕುಲದ ಲಕ್ಷಣ ಎಂದು ಧೈರ್ಯ ತುಂಬಿದವರು ನಮ್ಮ ಕೆಳಗಿನ ಮನೆಯ ಸದಾಶಿವಯ್ಯ ಮೇಷ್ಟ್ರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದರು. ರಾಜಾಜಿನಗರದಲ್ಲಿ ಆಗ ಸಂಜೆ ನಲ್ಲಿಯಲ್ಲಿ ನೀರು ಬರುವವರೆಗೆ ಗಂಡಸರು ಗೇಟಿನ ಬಳಿ ನಿಂತು ಲೋಕದ ಸಮಸ್ಯೆಗಳನ್ನು ಬಗೆಹರಿಸುವುದಿತ್ತು. ಅಂಥದೊಂದು ಸಂಜೆ ಅವರು ಹೇಳಿದರು: "ಮಿದುಳಲ್ಲಿ ಒಂದು ಟಾರ್ಚ್ ಇದೆ ಅಂದ್ಕೊಳ್ಳಿ ಸಾರ್. ಕಣ್ಣು ಎಲ್ಲಾದ್ರೂ ಇರ್ಲಿ, ಟಾರ್ಚ್‌ನ ಬೇರೆ ಕಡೆ ಬಿಡಬಹುದು. ಬೆಳಕು ಬಿದ್ದಿದ್ದಷ್ಟೇ ಕಾಣೋದು. ಮಿಕ್ಕಿದ್ದು ಎದುರಿಗೇ ಇದ್ರೂ ಇಲ್ಲ ಅಂತಾನೇ ಲೆಕ್ಕ."

"ಆ ಟಾರ್ಚ್ ತಿರುಗಿಸೋರು ಯಾರು ಸಾರ್?" ಎಂದೆ.

"ಅರ್ಧ ನೀವು, ಅರ್ಧ ಊರೋರು. ಬೇಕು ಅಂತ ನೀವೂ ತಿರುಗಿಸ್ಬಹುದು. ಆದ್ರೆ ಎಲ್ಲಾದ್ರೂ ದಢ್ ಅಂತಂದ್ರೆ ನಿಮ್ಮನ್ನ ಕೇಳ್ದೇನೇ ಅದು ಆ ಕಡೆ ತಿರುಗ್ಬಿಡತ್ತೆ."

ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಗಡೆಯ ಪ್ರಪಂಚವೇ ಇಲ್ಲವಾಗುತ್ತದಂತೆ. ತಟ್ಟೆಯ ಬಲಭಾಗದ ಊಟ ಮುಗಿಸಿ, ಎಡಭಾಗ ಹಾಗೇ ಬಿಟ್ಟು ಏಳುತ್ತಾರಂತೆ. ಇದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಮದುವೆಮನೆಯ ಬಾಳೆಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಬಡಿಸುವುದು ಎಡಗಡೆಯೇ ಅಲ್ಲವೇ? ಶತ್ರುವಿಗೂ ಅಂಥ ರೋಗ ಬರಬಾರದು.

ಆ ಬೇಸಿಗೆಯಲ್ಲಿ ಗಿರಿಜೆಯ ತಂಗಿಗೆ ದಾವಣಗೆರೆಯಲ್ಲಿ ಮದುವೆ ಗೊತ್ತಾಯಿತು. ಮದುವೆಯ ಸಂಡಿಗೆ ತನ್ನದೇ ಎಂದು ಇವಳು ಹಟ ಹಿಡಿದು ಒಪ್ಪಿಕೊಂಡಿದ್ದಳು. ಅದಕ್ಕೆ ಕಾರಣ ಅವಳ ಅತ್ತಿಗೆ. ಹಿಂದಿನ ಸಲ ತವರಿಗೆ ಹೋಗಿದ್ದಾಗ ಆಕೆ ಎಲ್ಲರೆದುರಿಗೆ, "ಬೆಂಗ್ಳೂರು ಸೇರಿದ ಮ್ಯಾಲೆ ನಿಂದೆಲ್ಲಾ ಅಂಗಡೀದೇ ಆಗೈತಿ ಬಿಡವ್ವಾ" ಎಂದಿದ್ದಳಂತೆ. ಹೀಗಾಗಿ ಅದು ಬರೀ ಸಂಡಿಗೆಯಾಗಿ ಉಳಿದಿರಲಿಲ್ಲ. ಆ ವಾರವೇ ಗಿರಿಜೆಯ ತಮ್ಮ ಬಂದು ಡಬ್ಬ ಒಯ್ಯುವವನಿದ್ದ.

ಭಾನುವಾರ ಬೆಳಿಗ್ಗೆ ಅವಳು ಅಕ್ಕಿಹಿಟ್ಟಿನ ಗಂಜಿ ಕಾಯಿಸಿ, ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸ ಬೆರೆಸಿ, ತಾರಸಿಯ ಮೇಲೆ ನನ್ನ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಳು. ಮಧ್ಯಾಹ್ನ ರವಿಕೆ ಹೊಲಿಯಲು ಕೊಟ್ಟಿದ್ದನ್ನು ತರಲು ಹೊರಟವಳು ನನ್ನ ಕೈಗೊಂದು ಕೋಲು ಕೊಟ್ಟು, "ರೀ, ಕಾಗೆ ಬಿಟ್ಟು ಬೇರೇನೂ ನೋಡ್ಬೇಡಿ. ಇದು ಹೋದ್ರೆ ನನ್ ಮರ್ಯಾದೆ ಹೋಗತ್ತೆ" ಎಂದಳು. ಅವಳ ಕಣ್ಣಿನಲ್ಲಿ ನಿಜವಾದ ಆತಂಕವಿತ್ತು. ಸರ್ಕಾರ ಕೂಡ ನನ್ನನ್ನು ಇಷ್ಟು ನಂಬಿ ಯಾವ ಕೆಲಸವನ್ನೂ ಒಪ್ಪಿಸಿರಲಿಲ್ಲ.

ನಾನು ಪಂಚೆಯ ಅಂಚಿಗೇ ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ಕೋಲು ಹಿಡಿದು, ಮೇಷ್ಟ್ರ ಶಾಸ್ತ್ರದ ಪ್ರಕಾರ ಕಾವಲು ಶುರುಮಾಡಿದೆ. ಕಣ್ಣು ನಡುವೆ, ಟಾರ್ಚು ಸುತ್ತಲೂ. ಮಹಾಲಕ್ಷ್ಮಿ ಲೇಔಟಿನ ಕಡೆಯ ಖಾಲಿ ಸೈಟುಗಳಿಂದ ಬಂದ ಕಾಗೆಗಳಿಗೂ ಈ ಶಾಸ್ತ್ರ ಚೆನ್ನಾಗಿಯೇ ಗೊತ್ತಿತ್ತು. ಒಂದು ಎಡಗಡೆಯ ನೀರಿನ ತೊಟ್ಟಿಯ ಮೇಲೆ ಕುಳಿತು ಕಿರುಚುತ್ತಿತ್ತು. ನಾನು ಅತ್ತ ತಿರುಗಿದೊಡನೆ ಇನ್ನೊಂದು ಬಲಗಡೆಯ ಮೂಲೆಯಿಂದ ಸಾಹೇಬರ ಹಾಗೆ ಸದ್ದಿಲ್ಲದೆ ನಡೆದು ಬರುತ್ತಿತ್ತು. ಆದರೆ ಅರ್ಧಬಾಗಿಲು ಕಾದು ಪಳಗಿದವನ ಮುಂದೆ ಅದರ ಆಟ ನಡೆಯಲಿಲ್ಲ. ಹುಷ್ ಎಂದೆ, ಕೋಲು ಬೀಸಿದೆ, ದೂರದ ಮೂಲೆಗಳನ್ನು ಎವೆಯಿಕ್ಕದೆ ನೋಡಿದೆ. ಅಷ್ಟು ಏಕಾಗ್ರತೆಯನ್ನು ಕಚೇರಿಯಲ್ಲಿ ತೋರಿಸಿದ್ದರೆ ಇಷ್ಟು ಹೊತ್ತಿಗೆ ನಾನೇ ಸಾಹೇಬರ ಕೋಣೆಯೊಳಗೆ ಕುಳಿತಿರುತ್ತಿದ್ದೆ.

ಗಿರಿಜೆ ಬಂದಾಗ ಗೆದ್ದವನ ಠೀವಿಯಲ್ಲಿ, "ನೋಡ್ಕೊ, ಒಂದು ಕಾಗೇನೂ ಮುಟ್ಟಿಲ್ಲ" ಎಂದೆ. ಅವಳು ನೋಡಿದಳು. ದೂರದ ಮೂಲೆಗಳಲ್ಲಿ ಇಟ್ಟ ಸಂಡಿಗೆ ಇಟ್ಟ ಹಾಗೆಯೇ ಇತ್ತು. ನನ್ನ ಕುರ್ಚಿಯ ಬಲಗಡೆ ಮಾತ್ರ, ಕೈಗೆಟುಕುವಷ್ಟು ದೂರ, ಅರ್ಧಚಂದ್ರಾಕಾರದಲ್ಲಿ ಪಂಚೆ ಖಾಲಿಯಾಗಿತ್ತು.

"ಈ ಕಾಗೆ ಕುರ್ಚಿ ಮೇಲೆ ಕೂತ್ಕೊಂಡು ತಿಂದಿದೆ" ಎಂದಳು.

ನನ್ನ ಬೆರಳುಗಳು ಅಂಟಂಟಾಗಿದ್ದವು. ಹಲ್ಲಿನ ಸಂದಿಯಲ್ಲಿ ಜೀರಿಗೆ ಇತ್ತು. ಮೇಲೆ ಒಣಗಿ ಒಳಗಿನ್ನೂ ಮೆತ್ತಗಿರುವ ಸಂಡಿಗೆಯ ರುಚಿ ಬಲ್ಲವರು ನನ್ನನ್ನು ಕ್ಷಮಿಸಿಯಾರು. ಆದರೆ ಆಣೆ ಮಾಡಿ ಹೇಳುತ್ತೇನೆ, ತಿಂದದ್ದು ನನಗೆ ಗೊತ್ತೇ ಇರಲಿಲ್ಲ. ಕೂಡಲೇ ಮೇಷ್ಟ್ರನ್ನು ಸಾಕ್ಷಿಗೆ ಕರೆದೆ. ಅವರು ಬಂದು ಖಾಲಿ ಜಾಗವನ್ನು ಸಂಭ್ರಮದಿಂದ ಪರೀಕ್ಷಿಸಿದರು.

"ಏನ್ ಚೆನ್ನಾಗಿದೆ ನೋಡಿ! ಟಾರ್ಚ್ ಪೂರ್ತಿ ದೂರಕ್ಕೆ ಬಿಟ್ಟಿದಾರೆ, ಹತ್ರ ಎಲ್ಲ ಕತ್ತಲೆ. ಆ ಕತ್ತಲಲ್ಲಿ ಕೈ ತನ್ನ ಪಾಡಿಗೆ ತಾನು ಕೆಲ್ಸ ಮಾಡ್ಕೊಂಡಿದೆ. ಇವರದ್ದೇನೂ ತಪ್ಪಿಲ್ಲ ತಾಯಿ" ಎನ್ನುತ್ತಲೇ ಅವರ ಕೈ ಬಗ್ಗಿ ಒಂದು ಸಂಡಿಗೆಯನ್ನು ಎತ್ತಿ ಬಾಯಿಗೆ ಹಾಕಿತು. ಅದು ಅವರಿಗೂ ಗೊತ್ತಾಗಲಿಲ್ಲ.

ಗಿರಿಜೆ ನಗಲಿಲ್ಲ. ಪಂಚೆಯ ಪಕ್ಕ ಕುಸಿದು ಕುಳಿತು, "ಅತ್ತಿಗೆಗೆ ಏನಂತ ಹೇಳ್ಲಿ? ನಮ್ಮೆಜಮಾನ್ರ ಮಿದುಳು ತಿಂತು ಅಂತಲಾ?" ಎಂದಳು. ನನಗೆ ನಾಚಿಕೆಯಾಯಿತು. ಸಂಜೆ ನೀರಿನ ಹೊತ್ತಿಗೆ ಗೇಟಿಗೆ ಹೋಗದೆ, ಹೊಸದಾಗಿ ನೆನೆಸಿದ ಅಕ್ಕಿಯನ್ನು ನಾನೇ ಒರಳುಕಲ್ಲಿನಲ್ಲಿ ರುಬ್ಬಿಕೊಟ್ಟೆ.

ಬೆಳಿಗ್ಗೆ ನಾನು ಕಚೇರಿಗೆ ಹೊರಡುವಷ್ಟರಲ್ಲಿ ಗಿರಿಜೆ ಮತ್ತೆ ಸಂಡಿಗೆ ಇಟ್ಟು, ಕಾಗೆಗಳು ಹೆದರಲೆಂದು ಹರಿದ ಛತ್ರಿಯ ಕಪ್ಪುಬಟ್ಟೆಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿದ್ದಳು. ಆಮೇಲೆ ಕೆಳಗಿಳಿದು, ತಾರಸಿಯ ಬಾಗಿಲಿಗೆ ದೊಡ್ಡದೊಂದು ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಲ್ಲಾ ಕಣೇ, ಕಾಗೆ ಏನು ಬಾಗಿಲಿಂದ ಬರತ್ತಾ?" ಎಂದು ನಾನು ನಕ್ಕೆ. ಅವಳು ಊಟದ ಡಬ್ಬಿ ಕೈಗಿತ್ತಳು. ಹೆಂಗಸರ ತರ್ಕವನ್ನು ನೆನೆದು ಬಸ್ಸಿನಲ್ಲೂ ನಗುತ್ತಲೇ ಇದ್ದೆ. ಮೆಜೆಸ್ಟಿಕ್ ಬರುವ ಹೊತ್ತಿಗೆ ನಗು ನಿಂತಿತು.