ಬೇಸ್‌ಬಾಲಿನವರಿಗೆ ಶುಕ್ರವಾರ ರಜೆ

ಡ್ಯೂಟಿ ಚಾರ್ಟ್ ಬರೆಯುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಆಗದ ವಾರವೇ ಇಲ್ಲ. ಬಹರೈನಿನ ಒಂದು ಎಸಿ ರಿಪೇರಿ ಕಂಪೆನಿಯಲ್ಲಿ ಹದಿನೇಳು ವರ್ಷಗಳಿಂದ ನನ್ನದು ಒಂದೇ ಕೆಲಸ. ಯಾರಿಗೆ ಯಾವ ದಿನ ಕೆಲಸ, ಯಾರಿಗೆ ವಾರದ ರಜೆ, ಯಾರು ಯಾವಾಗ ಊರಿಗೆ ಎಂದು ಬರೆಯುವುದು. ನಲವತ್ತು ಮಂದಿ ಟೆಕ್ನಿಷಿಯನ್ನರ ತಲೆನೋವು, ಹಲ್ಲುನೋವು, ತಂಗಿಯ ಸೀಮಂತ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ನಾನು ಸುಸ್ತಾಗಿದ್ದೇನೆ. ಇಷ್ಟು ಸಾಲದು ಎಂಬಂತೆ ಈ ವರ್ಷ ಮಾರ್ಚ್ ಕೊನೆಗೆ ಅಮೆರಿಕದ ಇಪ್ಪತ್ತೈದು ಮಂದಿ ಬೇಸ್‌ಬಾಲ್ ಆಟಗಾರರು ನನ್ನ ಕೈಕೆಳಗೆ ಬಂದು ಬಿದ್ದರು.

ಅನುಭವಸ್ಥರು ಬೇಕಾಗಿದ್ದಾರೆ

ಸೀಫ್ ಬಡಾವಣೆಯ ನಮ್ಮ ಆಫೀಸಿಗೆ ಕಳೆದ ವರ್ಷ ಬಂದ ಮ್ಯಾನೇಜರ್ ಅಮೆರಿಕದವರು. ಒಳ್ಳೆಯ ಮನುಷ್ಯ, ಆದರೆ ಉತ್ಸಾಹ ಜಾಸ್ತಿ. ಒಂದು ದಿನ ಆಫೀಸಿನ ನಮ್ಮ ಎಂಟೂ ಜನರನ್ನು ಮೀಟಿಂಗ್ ರೂಮಿಗೆ ಕರೆದು, ಎಲ್ಲರೂ ಸೇರಿ ಫ್ಯಾಂಟಸಿ ಬೇಸ್‌ಬಾಲ್ ಆಡೋಣ ಎಂದರು. ಆಟ ನಡೆಯುವುದು ಅಮೆರಿಕದಲ್ಲಿ, ಆಡುವವರು ಅಲ್ಲಿಯ ನಿಜವಾದ ಆಟಗಾರರು. ನಾವು ಫೋನಿನಲ್ಲಿ ಅವರನ್ನು ಆರಿಸಿ ತಂಡ ಕಟ್ಟಬೇಕು. ಅವರು ಅಲ್ಲಿ ಆಡಿದಂತೆ ನಮಗೆ ಇಲ್ಲಿ ಅಂಕ. ಪ್ರತಿದಿನ ಯಾರನ್ನು ಇಳಿಸುವುದು, ಯಾರನ್ನು ಬೆಂಚಿನಲ್ಲಿ ಕೂರಿಸುವುದು ಎಂದು ನಾವೇ ಹೇಳಬೇಕು. ವಾರಕ್ಕೆ ಒಬ್ಬರ ತಂಡ ಇನ್ನೊಬ್ಬರ ತಂಡದ ಎದುರು.

ನಾವೆಲ್ಲ ಕ್ರಿಕೆಟ್ಟಿನವರು. ಆದರೂ ಯಾರೂ ಬೇಡ ಎನ್ನಲಿಲ್ಲ. ಮ್ಯಾನೇಜರ್ ಕೇಳಿದ ಮೇಲೆ ಬೇಡ ಎನ್ನುವ ಅಭ್ಯಾಸ ನಮ್ಮಲ್ಲಿ ಇಲ್ಲ. ಆಮೇಲೆ ಅವರು ಮೆತ್ತಗೆ ಇನ್ನೊಂದು ಮಾತು ಸೇರಿಸಿದರು. ಬೇಸಿಗೆಯ ರಜೆಗೆ ಪ್ರತಿ ವರ್ಷ ನೀವು ಜಗಳವಾಡುತ್ತೀರಿ, ಈ ಸಲ ಆಟದ ಮೊದಲ ನಾಲ್ಕು ವಾರದ ಅಂಕಪಟ್ಟಿ ನೋಡಿ ಆ ಸರದಿಯಲ್ಲಿ ರಜೆ ಆರಿಸಿಕೊಳ್ಳಿ ಎಂದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೆ ಒಬ್ಬರಂತೆ ಮಾತ್ರ ರಜೆ. ನನಗೆ ಬೇಕಾದದ್ದು ಜುಲೈಯ ಮೊದಲ ಹದಿನೈದು ದಿನ. ಹೆಂಡತಿಯ ಒಬ್ಬನೇ ತಮ್ಮನ ಮದುವೆ ಆಗ ಉಡುಪಿಯಲ್ಲಿ. ಅದು ದಾಟಿದರೆ ಆಟಿ ತಿಂಗಳು, ನಮ್ಮ ಕಡೆ ಆ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಹಾಗಾಗಿ ದಿನ ಮುಂದೆ ಹೋಗುವ ಮಾತೇ ಇಲ್ಲ. ಮಕ್ಕಳ ಶಾಲೆಗೂ ರಜೆ ಸಿಗುವುದು ಅದೇ ಹೊತ್ತಿಗೆ, ಆದ್ದರಿಂದ ಎಂಟರಲ್ಲಿ ಆರು ಜನರ ಕಣ್ಣು ಅದರ ಮೇಲೆಯೇ.

ಆಟಗಾರರನ್ನು ಆರಿಸುವ ದಿನ ನಾನು ಬಹಳ ಜಾಗ್ರತೆ ವಹಿಸಿದೆ. ಟೆಕ್ನಿಷಿಯನ್ನರನ್ನು ತೆಗೆದುಕೊಳ್ಳುವಾಗ ನಾವು ನೋಡುವುದು ಅನುಭವ. ಹತ್ತು ವರ್ಷ ಗಲ್ಫಿನಲ್ಲಿ ದುಡಿದವನಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಇಲ್ಲಿಯೂ ಅದೇ ಲೆಕ್ಕದಲ್ಲಿ ಹದಿನೈದು ವರ್ಷ ಸರ್ವಿಸ್ ಆದವರನ್ನೇ ಹುಡುಕಿ ಹುಡುಕಿ ಆರಿಸಿದೆ. ಅಂಥವರನ್ನು ಬೇರೆ ಯಾರೂ ಕೇಳದೆ ಇದ್ದದ್ದು ನನ್ನ ಅದೃಷ್ಟ ಎಂದುಕೊಂಡೆ.

ಮ್ಯಾನೇಜರ್ ನನ್ನ ಪಟ್ಟಿಯನ್ನು ಎರಡು ಸಲ ಓದಿದರು. "ಇವರಲ್ಲಿ ಅರ್ಧ ಜನ ಇನ್ನೂ ಆಡುತ್ತಿದ್ದಾರೆ ಎಂಬುದು ನನಗೇ ಗೊತ್ತಿರಲಿಲ್ಲ" ಎಂದರು.

ವಾರದ ರಜೆ

ಮೊದಲ ವಾರ ನಾನು ತಂಡವನ್ನು ನನಗೆ ಗೊತ್ತಿದ್ದ ಹಾಗೆ ನಡೆಸಿದೆ. ಎಕ್ಸೆಲ್‌ನಲ್ಲಿ ಚಾರ್ಟ್ ಮಾಡಿದೆ. ಆರು ದಿನ ಆಡಿದವನಿಗೆ ಒಂದು ದಿನ ಬೆಂಚು. ಬಿಸಿಲಿನ ಊರಿನಲ್ಲಿ ಆಡುವವನಿಗೆ ಮಧ್ಯಾಹ್ನ ಬೆಂಚು, ಏಕೆಂದರೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ದುಡಿಸುವಂತಿಲ್ಲ. ಇಲ್ಲಿಯ ಪದ್ಧತಿಯಂತೆ ಶುಕ್ರವಾರ ಎಲ್ಲರಿಗೂ ರಜೆ.

ಆ ಶುಕ್ರವಾರ ಜಿಂಜ್ ಬಡಾವಣೆಯ ನಮ್ಮ ಮನೆಯಲ್ಲಿ ನೀರುದೋಸೆ ತಿಂದು ನೆಮ್ಮದಿಯಾಗಿ ಕೂತಿದ್ದೆ. ಅಷ್ಟರಲ್ಲಿ ಸೇಲ್ಸಿನ ಬೆಂಗಳೂರಿನವನು ಫೋನ್ ಮಾಡಿದ. ಆ ವಾರ ಅವನ ತಂಡವೇ ನನ್ನ ಎದುರಿಗೆ.

"ಸಾರ್, ನಿಮ್ ಟೀಮ್ ಫುಲ್ ಬೆಂಚಲ್ಲಿದೆ. ಸ್ಟ್ರಾಟೆಜೀನಾ?"

"ಇವತ್ತು ಶುಕ್ರವಾರ ಅಲ್ವಾ," ಎಂದೆ.

ಅವನು "ಸೂಪರ್ ಸಾರ್, ಹಾಗೇ ಕಂಟಿನ್ಯೂ ಮಾಡಿ" ಎಂದು ಫೋನ್ ಇಟ್ಟುಬಿಟ್ಟ. ಅವನು ನನ್ನ ಹಿತೈಷಿ ಎಂದು ಭಾನುವಾರ ನಾನು ಸೋತ ಲೆಕ್ಕ ಬರುವವರೆಗೂ ನಂಬಿದ್ದೆ.

ಇನ್ನೊಂದು ಸಂಕಟ ಪಿಚರ್‌ನದು. ಚೆಂಡು ಎಸೆಯುವ ಈ ಮಹಾಶಯ ಒಂದು ದಿನ ಕೆಲಸ ಮಾಡಿದರೆ ನಾಲ್ಕು ದಿನ ಕಾಣಿಸುವುದೇ ಇಲ್ಲ. ನನ್ನ ಅನುಭವದಲ್ಲಿ ಹಾಗೆ ಕಾಣೆಯಾದವನು ಬೇರೆ ಕಂಪೆನಿಯಲ್ಲಿ ಸೇರಿರುತ್ತಾನೆ. ಮ್ಯಾನೇಜರ್ ಬಳಿ ದೂರು ಕೊಟ್ಟೆ. ಅವರು ನಕ್ಕು, ಪಿಚರ್ ಐದು ದಿನಕ್ಕೊಮ್ಮೆಯೇ ಎಸೆಯುವುದು, ತೋಳಿಗೆ ವಿಶ್ರಾಂತಿ ಬೇಕು ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಎರಡನೇ ಬಕೆಟ್ ಬಟ್ಟೆ ಒಣಹಾಕುತ್ತಿದ್ದಳು. "ಐದು ದಿನಕ್ಕೊಮ್ಮೆಯಾ? ಅವನ ಹೆಂಡತಿಗೂ ಹಾಗೆಯೇ ಉಂಟಾ, ಸ್ವಲ್ಪ ಕೇಳಿ ನೋಡಿ ಮಾರಾಯ್ರೆ," ಎಂದಳು.

ಸೆಗಯಾಕ್ಕೆ ಹೊಸಬರು

ಪ್ರತಿ ಗುರುವಾರ ಮುಂದಿನ ವಾರದ ಡ್ಯೂಟಿ ಚಾರ್ಟ್ ಪ್ರಿಂಟ್ ತೆಗೆದು ಡ್ರೈವರ್ ಕೈಯಲ್ಲಿ ಸೆಗಯಾಕ್ಕೆ ಕಳಿಸುವುದು ಪದ್ಧತಿ. ನಮ್ಮ ಟೆಕ್ನಿಷಿಯನ್ನರು ಇರುವುದು ಅಲ್ಲಿಯ ಹಳೆಯ ಕಟ್ಟಡದಲ್ಲಿ. ಅವರ ರೂಮುಗಳ ಉಸ್ತುವಾರಿ ಕಾರ್ಕಳ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರದು, ಬಹಳ ಶಿಸ್ತಿನ ಮನುಷ್ಯ. ಚಾರ್ಟ್ ಬಂದ ಕೂಡಲೇ ಗೋಡೆಗೆ ಅಂಟಿಸಿ, ಅದರಂತೆ ಮಂಚ, ಊಟ, ವ್ಯಾನಿನ ಸೀಟು ಎಲ್ಲ ಏರ್ಪಾಡು ಮಾಡುತ್ತಾರೆ.

ಎರಡನೇ ವಾರ ನಾನು ಕಳಿಸಿದ್ದು ಬೇಸ್‌ಬಾಲಿನ ಚಾರ್ಟು, ಆ ವಾರ ಆಡಿಸಬೇಕೆಂದಿದ್ದ ಒಂಬತ್ತು ಜನರದು. ಎರಡೂ ಒಂದೇ ಫೈಲಿನಲ್ಲಿದ್ದವು, ಒಂದೇ ಅಳತೆ, ಮೇಲೆ ಕಂಪೆನಿಯ ಹೆಸರೂ ಒಂದೇ. ಸಂಜೆ ಅವರ ಫೋನು ಬಂತು.

"ಅಣ್ಣ, ಒಂಬತ್ತು ಜನ ಹೊಸಬರು ಬರ್ತಾರಲ್ಲ, ಅವರಿಗೆ ಟೆರೇಸಿನ ರೂಮು ಖಾಲಿ ಮಾಡಿಸಿದ್ದೇನೆ. ಮಂಚ ಆರೇ ಉಂಟು."

ನನಗೆ ಏನೂ ಹೊಳೆಯಲಿಲ್ಲ. "ಯಾವ ಹೊಸಬರು?"

"ಚಾರ್ಟಲ್ಲಿ ಹಾಕಿದ್ದೀರಲ್ಲ. ನಮ್ಮ ಹುಡುಗರ ಹೆಸರೇ ಇಲ್ಲ, ಅವರಿಗೆಲ್ಲ ಖಲಾಸ್ ಅಂತ ಇಲ್ಲಿ ಎರಡು ಜನ ಅಳ್ತಾ ಇದ್ದಾರೆ. ಅದನ್ನು ನಾನು ನೋಡಿಕೊಳ್ತೇನೆ."

ನಾನು ಕುರ್ಚಿಯಿಂದ ಎದ್ದು, ಅದು ಆಟದ ಪಟ್ಟಿ, ಅವರು ಅಮೆರಿಕದ ಆಟಗಾರರು, ಇಲ್ಲಿಗೆ ಬರುವುದಿಲ್ಲ, ಯಾರ ಕೆಲಸವೂ ಹೋಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅತ್ತ ಕಡೆ ನಿಟ್ಟುಸಿರು ಕೇಳಿಸಿತು.

"ಹಾಗಾದರೆ ಬದುಕಿದೆ ಅಣ್ಣ," ಎಂದರು. "ಅಮೆರಿಕದವರು ಕುಚ್ಚಲಕ್ಕಿ ಗಂಜಿ ಉಣ್ತಾರೋ ಇಲ್ಲವೋ ಅಂತ ಮಧ್ಯಾಹ್ನದಿಂದ ನನಗೆ ಅದೇ ಚಿಂತೆ."

ಮೊಣಕೈ

ನನ್ನ ಅನುಭವಸ್ಥರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಒಬ್ಬನಿಗೆ ಸೊಂಟ, ಒಬ್ಬನಿಗೆ ತೊಡೆ. ಪಿಚರ್‌ಗೆ ಮೊಣಕೈ ಹೋಗಿ ಆಪರೇಷನ್ ಆಯಿತು, ಈ ವರ್ಷ ಇನ್ನು ಅವನು ಆಡುವುದಿಲ್ಲ ಎಂದು ಸುದ್ದಿ. ಗಾಯಾಳುಗಳಿಗೆ ಎಂದು ಆ್ಯಪಿನಲ್ಲಿ ಎರಡೇ ಜಾಗ. ಮೂರನೆಯವನನ್ನು ಕೈಬಿಟ್ಟು ಬೇರೆಯವನನ್ನು ಸೇರಿಸಿಕೊಳ್ಳಬೇಕು. ಎಲ್ಲರೂ ಹಾಗೆಯೇ ಮಾಡುತ್ತಾರೆ.

ನನ್ನಿಂದ ಆಗಲಿಲ್ಲ. ಟೆಕ್ನಿಷಿಯನ್ನರ ವೀಸಾ ಕ್ಯಾನ್ಸಲ್ ಮಾಡುವ ಕಾಗದ ತಯಾರಿಸುವವನೂ ನಾನೇ. ಸಹಿ ಹಾಕುವಾಗ ಅವರ ಮುಖ ಹೇಗಿರುತ್ತದೆ ಎಂದು ಮ್ಯಾನೇಜರಿಗಿಂತ ನನಗೆ ಚೆನ್ನಾಗಿ ಗೊತ್ತು. ಕೆಲಸ ಮಾಡುತ್ತಾ ಕೈ ಮುರಿದುಕೊಂಡವನನ್ನು ಫೋನಿನಲ್ಲಿ ಒಂದು ಬೆರಳಿನಿಂದ ಊರಿಗೆ ಕಳಿಸುವುದು ಯಾವ ನ್ಯಾಯ? ಸಿಕ್ ಲೀವ್ ಎಂದು ಚಾರ್ಟಿನಲ್ಲಿ ಬರೆದು ಅವನನ್ನು ಇಟ್ಟುಕೊಂಡೆ. ಎರಡನೇ ವಾರ ಸೋತೆ, ಮೂರನೇ ವಾರವೂ ಸೋತೆ.

ಆಗ ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಅವಳೂ ಮೊದಲು ಆ ಪಿಚರ್‌ಗೆ ಮಕ್ಕಳೆಷ್ಟು ಎಂದೇ ಕೇಳಿದವಳು. ಈಗ ಫೋನಿನಲ್ಲಿ ಅವನ ಸಂಬಳ ಹುಡುಕಿ ತೆಗೆದಿದ್ದಳು.

"ಇದು ನೋಡಿ. ಆಡಿದ್ರೂ ಇಷ್ಟು, ಮಲಗಿದ್ರೂ ಇಷ್ಟು."

ಸೊನ್ನೆಗಳನ್ನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ಅವನ ಮೊಣಕೈ ಬಗ್ಗೆ ನೀವು ಮರುಗುವುದು ಬೇಡ," ಎಂದಳು. "ನನ್ನ ತಮ್ಮನ ಮದುವೆ ಬಗ್ಗೆ ಸ್ವಲ್ಪ ಮರುಗಿ."

ಅವನನ್ನು ಕೈಬಿಡುವ ಗುಂಡಿ ಒತ್ತಿದೆ. ಖಚಿತವೇ ಎಂದು ಆ್ಯಪ್ ಕೇಳಿತು. ಹದಿನೇಳು ವರ್ಷದಲ್ಲಿ ಕಂಪೆನಿ ನನ್ನನ್ನು ಒಮ್ಮೆಯೂ ಹಾಗೆ ಕೇಳಿದ್ದಿಲ್ಲ.

ಸರದಿ

ನಾಲ್ಕನೇ ವಾರ ನನ್ನ ಎದುರು ಬಂದದ್ದು ಅಕೌಂಟ್ಸಿನ ಮಲಯಾಳಿ. ಅವರೂ ಮೂರು ವಾರ ಸೋತವರು. ಕಾರಣ ಸರಳ, ಮೊದಲ ದಿನದ ನಂತರ ಅವರು ಆ್ಯಪನ್ನು ತೆರೆದೇ ಇರಲಿಲ್ಲ. ಯಾರು ಸೋಲುತ್ತಾರೋ ಅವರೇ ಪಟ್ಟಿಯ ಕಟ್ಟಕಡೆ. ಜುಲೈ ಸಿಗುವ ಆಸೆ ನನಗೆ ಉಳಿದಿರಲಿಲ್ಲ, ಆದರೆ ಕಟ್ಟಕಡೆಗೆ ಬಿದ್ದೆ ಎಂದು ಹೆಂಡತಿಗೆ ಹೇಳುವ ಧೈರ್ಯವೂ ಇರಲಿಲ್ಲ. ಏಳನೆಯವನಾದರೆ ಯಾರ ಕಾಲಾದರೂ ಹಿಡಿದು ರಜೆ ಬದಲಿಸಿಕೊಳ್ಳಬಹುದು. ವಾರವಿಡೀ ಊಟದ ಹೊತ್ತಿನಲ್ಲೂ ತಂಡ ತಿದ್ದಿದೆ. ಶುಕ್ರವಾರವೂ ದುಡಿಸಿದೆ. ಪಾಪಪ್ರಜ್ಞೆಯಿಂದಲೇ ಗೆದ್ದೆ.

ಸೋಮವಾರ ಮೀಟಿಂಗ್. ನಾಲ್ಕೂ ವಾರ ಗೆದ್ದಿದ್ದ ಬೆಂಗಳೂರಿನವನು ಜುಲೈಗೆ ಆಗಲೇ ಟಿಕೆಟ್ ನೋಡಿಟ್ಟಿದ್ದ. ಮ್ಯಾನೇಜರ್ ಪಟ್ಟಿ ಹಿಡಿದು, "ಸರಿ, ಕೊನೆಯವರು ಮೊದಲು ಆರಿಸಲಿ" ಎಂದು ಅಕೌಂಟ್ಸಿನವರ ಕಡೆ ತಿರುಗಿದರು.

ಮ್ಯಾನೇಜರಿಗೆ ನಮ್ಮ ಮುಖ ನೋಡಿ ಆಶ್ಚರ್ಯವಾಯಿತು. ಅಮೆರಿಕದ ಆಟಗಳಲ್ಲಿ ಯಾವಾಗಲೂ ಹಾಗೆಯೇ, ಸೋತ ತಂಡಕ್ಕೆ ಮೊದಲ ಆಯ್ಕೆ, ಇಲ್ಲದಿದ್ದರೆ ದುರ್ಬಲರು ಮೇಲೆ ಬರುವುದು ಹೇಗೆ ಎಂದು ವಿವರಿಸಿದರು.

"ಗೆದ್ದಿದ್ದಕ್ಕೆ ಪನಿಶ್‌ಮೆಂಟಾ ಇದು?" ಎಂದು ಬೆಂಗಳೂರಿನವನು ನನ್ನ ಕಿವಿಯಲ್ಲಿ ಕೇಳಿದ. ಏನೂ ಮಾಡದೆ ಸುಮ್ಮನೆ ಮಲಗಿದ್ದರೆ ಜುಲೈ ನನ್ನದಾಗುತ್ತಿತ್ತು. ಬದುಕಿನಲ್ಲಿ ಒಮ್ಮೆ ಮೈಮುರಿದು ದುಡಿದು ಅದನ್ನು ಕಳೆದುಕೊಂಡಿದ್ದೆ.

ಅಕೌಂಟ್ಸಿನವರು ಎಲ್ಲರ ಮುಖ ನೋಡಿದರು, ಜುಲೈಯ ಮೊದಲ ಹದಿನೈದು ದಿನ ಎಂದರು. ಎಲ್ಲರೂ ಅದಕ್ಕೇ ಆಸೆಪಟ್ಟಿದ್ದರಿಂದ ಅದು ಒಳ್ಳೆಯದೇ ಇರಬೇಕು ಎಂದುಕೊಂಡರಂತೆ.

ಎರಡನೇ ಸರದಿ ನನ್ನದು. ಅವರ ರಜೆಯ ಅರ್ಜಿಯನ್ನು ಹದಿನೇಳು ವರ್ಷ ಫೈಲ್ ಮಾಡಿದವನು ನಾನು. ಪ್ರತಿ ವರ್ಷ ಒಂದೇ ಕಾರಣ, ಓಣಂ. ಈ ವರ್ಷ ಓಣಂ ಬರುವ ಹದಿನೈದು ದಿನ ಯಾವುದೋ ಅದೇ ಬೇಕು ಎಂದೆ.

ಹತ್ತು ನಿಮಿಷದಲ್ಲಿ ಅವರು ನನ್ನ ಮೇಜಿನ ಮುಂದೆ. ನಾವು ಮಾತಾಡುವುದು ಹಿಂದಿಯಲ್ಲಿ.

"ಭಾಯಿ, ಓಣಂ ನನಗೆ ಕೊಡಿ."

"ಜುಲೈ ನನಗೆ ಕೊಡಿ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಓಣಂ ಪ್ರತಿ ವರ್ಷ ಬರ್ತದೆ, ಭಾಯಿ. ನಿಮ್ಮ ಭಾವಮೈದನ ಮದುವೆ ಒಂದೇ ಸಲ. ಅದಕ್ಕೆ ಮೇಲೆ ಸ್ವಲ್ಪ ಬೇಕು."

"ಏನು ಬೇಕು?"

"ನಾನು ಆಡ್ತಾ ಇಲ್ಲ ಅಂತ ಮ್ಯಾನೇಜರಿಗೆ ಗೊತ್ತಾಗಿದೆ. ಇನ್ನು ಪ್ರತಿ ಮೀಟಿಂಗಿನಲ್ಲಿ ನನ್ನ ತಂಡದ ಬಗ್ಗೆ ಕೇಳ್ತಾರಂತೆ. ಈ ಆಟ ಸೆಪ್ಟೆಂಬರ್‌ವರೆಗೆ ಉಂಟು. ಅಲ್ಲಿಯವರೆಗೆ ನನ್ನ ತಂಡವನ್ನೂ ನೀವೇ ನಡೆಸಬೇಕು."

ಹೆಂಡತಿಯ ಮುಖ ನೆನಪಾಯಿತು. ಒಪ್ಪಿದೆ. ಅವರು ಅಲ್ಲೇ ಪಾಸ್‌ವರ್ಡ್ ಬರೆದುಕೊಟ್ಟರು.

ಮನೆಯಲ್ಲಿ ಟಿಕೆಟ್ ಬುಕ್ ಆಯಿತು, ಸೀರೆಯ ಮಾತು ಶುರುವಾಯಿತು, ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು. ನನಗೂ ಸಂತೋಷವೇ. ಆದರೆ ಈಗ ನನ್ನ ಕೈಕೆಳಗೆ ಬೇಸ್‌ಬಾಲಿನವರೇ ಐವತ್ತು ಜನ. ಅಕೌಂಟ್ಸಿನವರ ತಂಡದಲ್ಲಿ ಆರು ಮಂದಿ ಗಾಯಾಳುಗಳು, ಒಬ್ಬನಂತೂ ಆಟ ಬಿಟ್ಟೇ ಹೋಗಿದ್ದಾನೆ.

ನಿನ್ನೆ ಮುಂದಿನ ವಾರಗಳ ಪಟ್ಟಿ ತೆರೆದು ನೋಡಿದೆ. ಮದುವೆಯ ವಾರ ನನ್ನ ಎದುರು ಆಡುವ ತಂಡ ಅಕೌಂಟ್ಸಿನವರದು, ಎಂದರೆ ಎರಡೂ ಕಡೆ ನಾನೇ. ಅವರಿಗೆ ಫೋನ್ ಮಾಡಿ ಹೇಳಿದೆ.

"ನೋಡಿ ಭಾಯಿ," ಎಂದರು ಅವರು ಗಂಭೀರವಾಗಿ, "ಹೋದ ಸಲ ನೀವು ನನ್ನನ್ನು ಸೋಲಿಸಿದ್ದೀರಿ. ಈ ಸಲ ನಾನು ಗೆಲ್ಲಲೇಬೇಕು."