ಜನರಲ್ ಹಿಂದಕ್ಕೆ ನಡೆದದ್ದು

ರಾಜಮನೆತನದವರಿಗೆ ಬೆನ್ನು ತೋರಿಸಬಾರದು ಎಂಬ ಒಂದೇ ಒಂದು ನಿಯಮ ಜನರಲ್ ಬೋಥೊ ಫೊನ್ ಡ್ರೆಸ್ಕೊ ಅವರ ಜೀವ ಹಿಂಡುತ್ತಿತ್ತು. ಹತ್ತೊಂಬತ್ತನೇ ವಯಸ್ಸಿಗೇ ಪ್ರಷ್ಯದ ಕುದುರೆ ಪಡೆ ಸೇರಿ, ನಲವತ್ತು ವರ್ಷ ಮುಂದಕ್ಕೆ ನುಗ್ಗುವುದನ್ನಷ್ಟೇ ಕಲಿತ ಮನುಷ್ಯ. ಆ ಶೌರ್ಯ ಮೆಚ್ಚಿ ಅವರನ್ನು ಪಾಟ್ಸ್‌ಡಾಮಿನಲ್ಲಿ ಮುದಿ ರಾಜಕುಮಾರಿ ಆಡೆಲ್‌ಗುಂಡೆಯ ಅರಮನೆಗೆ ಮಾರ್ಷಲ್, ಅಂದರೆ ಆಸ್ಥಾನದ ಕಲಾಪಗಳ ಮೇಲ್ವಿಚಾರಕ, ಮಾಡಿದ್ದರು. ಔತಣದ ದಿನ ಬೆಳ್ಳಿ ಕೋಲು ಹಿಡಿದು, ಮುಖ ರಾಜಕುಮಾರಿಯ ಕಡೆಗಿಟ್ಟು, ಊಟದ ಮನೆಯವರೆಗೆ ಹಿಂದಕ್ಕೆ ಹಿಂದಕ್ಕೆ ನಡೆಯುವುದು ಕೆಲಸ. ಇಂಥ ಬಹುಮಾನ ಶತ್ರುವಿಗೂ ಬೇಡ.

ಈಗ ಅವರ ಹಳೆಯ ಕುದುರೆ ದಳದ ನಾಯಕನ ಜಾಗ ಖಾಲಿಯಾಗಿತ್ತು. "ಇವತ್ತಿನ ಔತಣ ಸುಸೂತ್ರವಾಗಿ ನಡೆಸಿಕೊಡಿ, ಶಿಫಾರಸು ಪತ್ರ ಕೊಡ್ತೀನಿ," ಎಂದು ರಾಜಕುಮಾರಿ ಮಾತು ಕೊಟ್ಟಿದ್ದಳು. ಜನರಲ್‌ಗೆ ಬೆಳಗಿನಿಂದಲೇ ಕುದುರೆ ಲಾಯದ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಸಲಹೆ ಕೊಡುವವರಿಗೇನು ಬರವೇ? ರಾಜಕುಮಾರಿಯ ಸಖಿ ಕೌಂಟೆಸ್ ಹೆಡ್ವಿಗ್ ಅಡ್ಡಗಟ್ಟಿದಳು. "ಕುದುರೆ ತಿವಿಯೋ ಆ ಬೂಟಿನ ಮುಳ್ಳು ಬಿಚ್ಚಿಡಿ ಜನರಲ್ರೇ. ಹೋದ್ಸಲ ನನ್ನ ಲಂಗ ಹರಿದಿದ್ದು ಸಾಲ್ದಾ?"

ಆಸ್ಥಾನದ ವೈದ್ಯರು ಹೌಹಾರಿದರು. "ಮುಳ್ಳಿಲ್ಲದ ಬೂಟಾ? ಜನ ನಿಮ್ಮನ್ನ ಕಾಲಾಳು ಅಂದ್ಕೋತಾರೆ ಕಣ್ರೀ!"

ಜನರಲ್ ತಲೆ ಕೆಡಿಸಿಕೊಂಡು, ಕೊನೆಗೆ ಇಬ್ಬರಿಗೂ ಬೇಜಾರಾಗದಿರಲೆಂದು ಒಂದು ಕಾಲಿನ ಮುಳ್ಳನ್ನು ಮಾತ್ರ ಬಿಚ್ಚಿದರು.

ಉಪಮಾರ್ಷಲ್ ಕರ್ನಲ್ ಪುಟ್‌ವಿಟ್ಸ್ ಬೆನ್ನು ತಟ್ಟಿದ. ಅವನು ಕುದುರೆ ಹತ್ತಿ ಇಪ್ಪತ್ತು ವರ್ಷವಾಗಿತ್ತು, ಹೊಟ್ಟೆ ಪೀಪಾಯಿಯಂತಿತ್ತು. "ದೊಡ್ಡ ಕನ್ನಡಿ ಬಂದ ತಕ್ಷಣ ಎಡಕ್ಕೆ ತಿರುಗಿ ಸಾರ್. ಅಷ್ಟೇ. ಮಗೂನೂ ಮಾಡುತ್ತೆ."

ಮೆರವಣಿಗೆ ಹೊರಟಿತು. ಜನರಲ್ ಹಿಂದಕ್ಕೆ, ಎದುರಿಗೆ ರಾಜಕುಮಾರಿ, ಅವಳ ಪಕ್ಕ ಪುಟ್‌ವಿಟ್ಸ್, ಆಮೇಲೆ ಅರವತ್ತು ಮಂದಿ. ಒಂದು ಬೂಟು ಝಣ್ ಎನ್ನುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಕನ್ನಡಿ ಬಂತು. ಎಡ ಸರಿ, ಆದರೆ ಪುಟ್‌ವಿಟ್ಸ್ ಮುಂದಕ್ಕೆ ನಡೆಯುವವನು, ತಾನು ಹಿಂದಕ್ಕೆ!

"ಯಾರ ಎಡ?" ಎಂದು ತುಟಿಯಂಚಿನಲ್ಲಿ ಕೇಳಿದರು.

"ನಿಮ್ದು... ಅಯ್ಯೋ ಅಲ್ಲ ಸಾರ್, ನಂದು! ಅಲ್ಲಲ್ಲ, ತಡೀರಿ..."

ಮುನ್ನುಗ್ಗಿಯೇ ಅಭ್ಯಾಸವಾದವರು ತಡೆದಾರೆಯೇ? ತಿರುಗಿಯೇಬಿಟ್ಟರು. ಬೆನ್ನಿಗೆ ಯಾವುದೋ ಬಾಗಿಲು ತಾಗಿ ತೆರೆದುಕೊಂಡಿತು. ಮೂರು ಮೆಟ್ಟಿಲು, ಬಿಸಿ ಹಬೆ, ಈರುಳ್ಳಿ ಘಾಟು. ಮುಳ್ಳು ಚಾಪೆಗೆ ಸಿಕ್ಕಿ, ಪ್ರಷ್ಯದ ಜನರಲ್ ಎಲೆಕೋಸಿನ ಬುಟ್ಟಿಯಲ್ಲಿ ಕುಕ್ಕರಿಸಿದರು. ಮಾರ್ಷಲ್ ಹೋದ ಕಡೆ ಹೋಗಬೇಕಲ್ಲ, ಇಡೀ ಆಸ್ಥಾನ ಅಡುಗೆಮನೆಗೆ ಇಳಿದು ಬಂತು. ಅಡುಗೆಯವಳು ಸೌಟು ಎತ್ತಿದ್ದು ಎತ್ತಿದ ಹಾಗೇ ನಿಂತಳು.

ಮುಗಿಯಿತು, ಕುದುರೆ ದಳ ಕೈತಪ್ಪಿತು ಎಂದು ಜನರಲ್ ಕಣ್ಣು ಮುಚ್ಚಿದರು.

ಸುರ್ ಎಂದು ಸದ್ದಾಯಿತು. ರಾಜಕುಮಾರಿ ಅಡುಗೆಯವಳ ಸೌಟಿನಿಂದಲೇ ಸಾರು ಕುಡಿಯುತ್ತಿದ್ದಳು!

"ದೇವ್ರೇ, ಬಿಸಿ ಇದೆ! ನಾಲ್ಕು ಪಡಸಾಲೆ ದಾಟಿ ಬರೋಷ್ಟರಲ್ಲಿ ಆರಿಹೋದ ಸಾರನ್ನೇ ಮೂವತ್ತು ವರ್ಷದಿಂದ ಕುಡೀತಿದೀನಿ. ಒಬ್ಬ ಮಾರ್ಷಲ್‌ಗಾದ್ರೂ ಇದು ಹೊಳೀತಾ? ಇನ್ಮೇಲೆ ಔತಣ ಇಲ್ಲೇ. ಜನರಲ್, ಇಂಥವರನ್ನ ಕಳಿಸ್ಕೊಡೋಕೆ ನನಗೇನು ಹುಚ್ಚೇ? ಸಾಯೋ ತನಕ ನೀವೇ ನಮ್ಮ ಮಾರ್ಷಲ್!"

"ತಾಯಿ, ಆ ಶಿಫಾರಸು ಪತ್ರ..."

"ಸಹಿ ಹಾಕಿಟ್ಟಿದೀನಿ, ಯಾಕೆ ದಂಡ ಮಾಡ್ಲಿ? ಹೆಸರು ತಿದ್ದಿದ್ರಾಯ್ತು." ರಾಜಕುಮಾರಿ ಇನ್ನೊಂದು ಸೌಟು ಬಗ್ಗಿಸಿಕೊಂಡಳು. "ಕರ್ನಲ್ ಪುಟ್‌ವಿಟ್ಸ್, ನಾಳೆ ಬೆಳಿಗ್ಗೆ ಕುದುರೆ ಹತ್ತಿ."