ಹನುಮಂತರಾಯಪ್ಪನವರ ಬಿಸಿ ಮುದ್ದೆ

ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ದೊಡ್ಡಬಳ್ಳಾಪುರದ ಮಗ್ಗದ ಮೇಸ್ತ್ರಿ ಹನುಮಂತರಾಯಪ್ಪನವರಿಗೆ ಉಳಿದಿದ್ದ ಆಸೆ ಒಂದೇ: ಮುದ್ದೆಯನ್ನು ಬಿಸಿಯಿರುವಾಗಲೇ ಉಣ್ಣುವುದು. ಮೂವತ್ತು ವರ್ಷದಿಂದ ಅದು ಕೈಗೂಡಿರಲಿಲ್ಲ. ತಟ್ಟೆಗೆ ಮುದ್ದೆ ಬಿದ್ದ ಸದ್ದು ಕೇಳಿಯೇ ಬಂದರೇನೋ ಎಂಬಂತೆ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು.

ಆವತ್ತು ಪಕ್ಕದ ಮನೆಯ ಕೆಂಪರಾಜು ಬಂದ. "ಮೇಸ್ತ್ರಿಗಳೇ, ಮಗ್ಗದ್ ಲಾಳಿ ಎಗರಿ ಎಗರಿ ಗೋಡೆಗ್ ಹೊಡೀತೈತೆ. ಒಂದ್ನಿಮಿಷ ಬಂದ್ಬಿಡಿ."

ಹೋಗಿ ಬರುವಷ್ಟರಲ್ಲಿ ಮುದ್ದೆ ಕ್ರಿಕೆಟ್ ಚೆಂಡಾಗಿತ್ತು. ಮೇಸ್ತ್ರಿಗಳಿಗೆ ಅಳುವೇ ಬಂತು.

"ಗೊತ್ತಿರೋದ್ನೆಲ್ಲ ಎಲ್ಲಾದ್ರೂ ಬರೆಸಿಟ್ಬಿಡಿ. ಆಮೇಲೆ ನಿಮ್ಮನ್ಯಾರ್ ಕೇಳ್ತಾರೆ?" ಎಂದರು ಹೆಂಡತಿ ಭಾಗ್ಯಮ್ಮ.

ಮೇಸ್ತ್ರಿಗಳು ನೇರವಾಗಿ ಬಸ್ ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಸೆಂಟರಿಗೆ ನಡೆದರು. ಅಲ್ಲಿ ಟೈಪ್ ಮಾಡುವ ಹುಡುಗಿ ಯಶಸ್ವಿನಿಗೆ ವಿಷಯ ಕೇಳಿ ಖುಷಿಯೋ ಖುಷಿ. "ಇಂಟರ್‌ನೆಟ್ಟಲ್ಲಿ ಮಗ್ಗದ್ದೇ ಒಂದು ಪುಸ್ತಕ ಇದೆ ಅಂಕಲ್. ಬೇರೆ ಬೇರೆ ದೇಶದ ತಜ್ಞರು ಸೇರ್ಕೊಂಡು ಬರೀತಾರೆ, ಯಾರ್ ಬೇಕಾದ್ರೂ ಪುಕ್ಕಟೆ ಓದ್ಬೋದು. ನೀವು ಹೇಳಿ, ನಾನು ಇಂಗ್ಲಿಷಲ್ಲಿ ಹಾಕ್ತೀನಿ."

ಲಾಳಿ ಏಕೆ ಎಗರುತ್ತದೆ, ನೂಲು ಏಕೆ ಕಡಿಯುತ್ತದೆ, ಎಲ್ಲವನ್ನೂ ಹೇಳಿದರು. ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಮೊದಲಿನಿಂದ ಹೇಳಿದರು. ಸಂಜೆಯೊಳಗೆ ಜಪಾನಿನ ತಜ್ಞರೊಬ್ಬರ ಉತ್ತರವೂ ಬಂತು. ಲಾಳಿಯ ಈ ಮರ್ಮ ಅವರಿಗೂ ಗೊತ್ತಿರಲಿಲ್ಲವಂತೆ!

ಮೇಸ್ತ್ರಿಗಳು ಮದುಮಗನ ಗತ್ತಿನಲ್ಲಿ ಬೀದಿಗಿಳಿದರು. "ಇನ್ಮೇಲೆ ಮನೆಗ್ ಬರ್ಬೇಡ್ರಪ್ಪಾ, ಎಲ್ಲಾ ಕಂಪ್ಯೂಟರಲ್ಲೈತೆ!" ಎಂದು ಮಗ್ಗವಿದ್ದ ಪ್ರತಿ ಮನೆಯ ಮುಂದೆಯೂ ನಿಂತು ಸಾರಿದರು.

ಮರುದಿನ ಮಧ್ಯಾಹ್ನ ಬಿಸಿ ಮುದ್ದೆ, ಹುರುಳಿಕಾಯಿ ಬಸ್ಸಾರು. ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರು. ಗಂಟಲಿನಿಂದ ಹೊಟ್ಟೆಯವರೆಗೂ ಬಿಸಿ ಇಳಿಯಿತು. ಗೆದ್ದುಬಿಟ್ಟೆ ಎನಿಸಿತು.

ಎರಡನೆಯ ತುತ್ತಿಗೆ ಕೈ ಹಾಕುವಾಗ ಕೆಂಪರಾಜು ಬಂದ. ಹಿಂದೆ ಇಡೀ ಬೀದಿ. ಎಲ್ಲರ ಕೈಯಲ್ಲೂ ಕಂಪ್ಯೂಟರಿನಿಂದ ತೆಗೆಸಿದ ಹಾಳೆ.

"ಎಲ್ಲಾ ಇಂಗ್ಲಿಷು ಮೇಸ್ತ್ರಿಗಳೇ. ಏನ್ ಬರ್ದಿದೀರ, ವಸಿ ಓದಿ ಹೇಳಿ."

"ನಂಗೆಲ್ಲಿ ಬರ್ತೈತೆ ಇಂಗ್ಲಿಷು? ಯಶಸ್ವಿನೀನೇ ಕೇಳ್ರೋ!"

"ಕೇಳಿದ್ವಿ. ಪುರುಸೊತ್ತಿಲ್ಲ ಅಂತ ಕೊನೇ ಸಾಲು ಮಾತ್ರ ಓದಿದ್ಲು." ಕೆಂಪರಾಜು ಹಾಳೆಯ ಬುಡಕ್ಕೆ ಬೆರಳಿಟ್ಟ. "ಅನುಮಾನ ಇದ್ರೆ ಮೇಸ್ತ್ರಿಗಳ ಮನೆಗೇ ಬನ್ನಿ, ಊಟದ ಹೊತ್ತಲ್ಲಿ ತಪ್ಪದೆ ಸಿಕ್ತಾರೆ ಅಂತ ಹಾಕವ್ಳೆ. ಅದನ್ನೋದಿ ಆ ಜಪಾನಿನೋರೂ ಹೊರಟವ್ರಂತೆ!"

"ಜಪಾನಿಂದ? ನನ್ನ ನೋಡಕ್ಕಾ?" ಮೇಸ್ತ್ರಿಗಳ ಎದೆ ಉಬ್ಬಿತು. ಮೀಸೆ ತಿರುವಲು ಹೋದ ಎಂಜಲು ಕೈಯನ್ನು ತೊಳೆಯಲು ಊಟ ಬಿಟ್ಟು ಎದ್ದರು.

ಭಾಗ್ಯಮ್ಮ ಮುದ್ದೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.